ಹಾಲಿನ ಮೇಲಿನ ಅನುಮಾನ

ಸೋಂಕು ಎಂದರೇನು ಎಂಬುದನ್ನು ತುಂಗಭದ್ರೆಯ ದಡದ ಊರುಗಳಿಗೆ ಯಾರೂ ಪುಸ್ತಕ ಹಿಡಿದು ಕಲಿಸಬೇಕಾಗಿರಲಿಲ್ಲ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ರೈಲು ಹಳಿಯ ಗುಂಟ ದಕ್ಷಿಣಕ್ಕಿಳಿಯಿತು. ಹುಬ್ಬಳ್ಳಿಯನ್ನು ಹಿಡಿದು 1898ರ ಆಗಸ್ಟ್‌ ಹೊತ್ತಿಗೆ ಬೆಂಗಳೂರನ್ನು ಮುಟ್ಟಿತು. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬರುವ ಹಳಿ ಹಾಯುವುದೇ ಹರಿಹರ, ದಾವಣಗೆರೆಗಳ ಮೇಲೆ. ಆಗ ಹರಿಹರ ಮೈಸೂರು ಸಂಸ್ಥಾನದ ಗಡಿಯೂರು. ಹೊಳೆ ದಾಟಿದರೆ ಮುಂಬಯಿ ಪ್ರಾಂತ್ಯ. ರೋಗ ಯಾವ ದಿಕ್ಕಿನಿಂದ, ಯಾವ ದಾರಿಯಲ್ಲಿ ಬರುತ್ತದೆ ಎಂಬುದು ಜನರ ಕಣ್ಣಿಗೇ ಕಾಣುತ್ತಿತ್ತು. ಇಲಿ ಬಿದ್ದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳಬೇಕೆಂಬ ತಿಳಿವಳಿಕೆ ಸಂಸ್ಥಾನದ ಉದ್ದಗಲಕ್ಕೂ ಹರಡಿತ್ತು. ಅರವತ್ತು ವರ್ಷಗಳ ನಂತರ, 1957ರಲ್ಲಿ, ಪಕ್ಕದ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಸತ್ತ ಮಂಗನಲ್ಲಿ ವೈರಸ್ ಕಂಡರು, ಅದನ್ನು ಹೊತ್ತು ತಿರುಗುವ ಉಣುಗನ್ನೂ ಹಿಡಿದರು. ಮಂಗನ ಕಾಯಿಲೆಗೆ ಕಾರಣ ಯಾವುದು, ವಾಹಕ ಯಾವುದು, ಯಾವ ತಿಂಗಳಲ್ಲಿ ಯಾರಿಗೆ ಬರುತ್ತದೆ ಎಂಬ ಮೂರೂ ಪ್ರಶ್ನೆಗಳಿಗೆ ಬಹುಬೇಗ ಉತ್ತರ ಸಿಕ್ಕಿತು.

ಸ್ತನ ಕ್ಯಾನ್ಸರ್ ಈ ಸಾಲಿಗೆ ಸೇರುವ ಕಾಯಿಲೆಯೆ? ತಾಯಿಗೆ ಬಂದದ್ದು ಹಾಲಿನ ಮೂಲಕ ಮಗಳಿಗೆ ಇಳಿಯುತ್ತದೆಯೆ, ಒಂದೇ ತಟ್ಟೆಯಲ್ಲಿ ಉಂಡವರಿಗೆ ಅಂಟುತ್ತದೆಯೆ ಎಂಬ ಅಂಜಿಕೆಯನ್ನು ಹಳ್ಳಿಯ ಮೌಢ್ಯ ಎಂದು ತಳ್ಳಿಹಾಕುವುದು ಸುಲಭ. ಆದರೆ ಇದೇ ಪ್ರಶ್ನೆಯ ಬೆನ್ನು ಹತ್ತಿ ಜಗತ್ತಿನ ದೊಡ್ಡ ಪ್ರಯೋಗಾಲಯಗಳು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ದುಡಿದಿವೆ, ಅದರ ಒಂದು ಮುಖ್ಯ ಅಧ್ಯಾಯ ನಡೆದದ್ದು ಮುಂಬಯಿಯ ಪರೇಲ್‌ನಲ್ಲಿ. ಆ ಚರಿತ್ರೆಯನ್ನು ಮೊದಲಿನಿಂದ ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ: ಸೂಕ್ಷ್ಮದರ್ಶಕಗಳು ಹಾಲಿನ ಹನಿಯಲ್ಲಿ ವೈರಸ್ ಹುಡುಕುತ್ತಿದ್ದ ಅಷ್ಟೂ ಕಾಲ, ಈ ರೋಗದ ಬಗ್ಗೆ ಹೆಚ್ಚು ಗಟ್ಟಿಯಾದ ಸಾಕ್ಷ್ಯ ಹುಟ್ಟು, ಮದುವೆ, ಹೆರಿಗೆ, ಸಾವುಗಳ ದಫ್ತರಗಳಲ್ಲಿ ಬಿದ್ದಿತ್ತು. ವೈರಸ್ ಇಲ್ಲವೇ ಇಲ್ಲ ಎಂದು ಆ ದಫ್ತರ ಹೇಳುವುದಿಲ್ಲ. ಇದ್ದರೂ ಈ ಕಥೆಯ ನಾಯಕ ಅದಲ್ಲ ಎಂದು ಮಾತ್ರ ಹೇಳುತ್ತದೆ.

ಅನುಮಾನ ಹುಟ್ಟಿದ್ದು ಇಲಿಯಿಂದ. 1911ರಲ್ಲಿ ಪೇಟನ್ ರೌಸ್ ಕೋಳಿಯ ಗಡ್ಡೆಯ ರಸವನ್ನು ಜೀವಕೋಶಗಳೂ ಬ್ಯಾಕ್ಟೀರಿಯಾಗಳೂ ಹಾಯಲಾಗದಷ್ಟು ಸಣ್ಣದಾಗಿ ಸೋಸಿ, ಬೇರೆ ಕೋಳಿಗೆ ಚುಚ್ಚಿ, ಅಲ್ಲೂ ಗಡ್ಡೆ ಏಳುವುದನ್ನು ತೋರಿಸಿದ್ದರು. ಅದಕ್ಕೆ ನೊಬೆಲ್ ಬಂದದ್ದು 1966ರಲ್ಲಿ, ಐವತ್ತೈದು ವರ್ಷ ತಡವಾಗಿ. ನಡುವೆ 1936ರಲ್ಲಿ ಅಮೆರಿಕದ ಜಾಕ್ಸನ್ ಪ್ರಯೋಗಾಲಯದ ಜಾನ್ ಬಿಟ್ನರ್ ಒಂದು ಸರಳ ಪ್ರಯೋಗ ಮಾಡಿದರು. ಸ್ತನದ ಗಡ್ಡೆ ಹೆಚ್ಚಾಗಿ ಬರುವ ತಳಿಯ ಇಲಿಮರಿಗಳನ್ನು ಹುಟ್ಟಿದ ಕೂಡಲೇ ಎತ್ತಿ, ಗಡ್ಡೆ ವಿರಳವಾದ ತಳಿಯ ತಾಯಿಯ ಹಾಲಿಗೆ ಬಿಟ್ಟರು. ಮರಿಗಳು ಬೆಳೆದಾಗ ಗಡ್ಡೆಗಳು ಗಣನೀಯವಾಗಿ ಇಳಿದಿದ್ದವು. ರಕ್ತಸಂಬಂಧ ಹೆತ್ತವಳದು, ರೋಗ ಹಾಲೂಡಿದವಳದು ಎಂದಾಯಿತು. ಬಿಟ್ನರ್ ಇದನ್ನು ಹಾಲಿನ ಅಂಶ ಎಂದಷ್ಟೇ ಕರೆದರು. ಅದು ಇಲಿಯ ಸ್ತನಗಡ್ಡೆಯ ವೈರಸ್ ಎಂದು ಮುಂದೆ ಗೊತ್ತಾಯಿತು. ಇಲಿಯಲ್ಲಿ ನಡೆದದ್ದು ಮನುಷ್ಯರಲ್ಲಿ ಯಾಕೆ ನಡೆಯಬಾರದು ಎಂಬ ಪ್ರಶ್ನೆ ನ್ಯಾಯವಾದದ್ದೇ. 1964ರಿಂದ ಅಮೆರಿಕದ ಸರ್ಕಾರ ಕ್ಯಾನ್ಸರ್ ವೈರಸ್‌ಗಳ ಹುಡುಕಾಟಕ್ಕೆಂದೇ ವಿಶೇಷ ಯೋಜನೆ ನಡೆಸಿತು, 1971ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ನಿಕ್ಸನ್ ಕ್ಯಾನ್ಸರ್ ಕಾಯ್ದೆಗೆ ಸಹಿ ಹಾಕಿದರು. ಹಣವಿತ್ತು, ಎಲೆಕ್ಟ್ರಾನ್ ಸೂಕ್ಷ್ಮದರ್ಶಕಗಳಿದ್ದವು. ಬೇಕಾಗಿದ್ದದ್ದು ಸ್ತನ ಕ್ಯಾನ್ಸರ್ ಹೆಚ್ಚಾಗಿರುವ, ತಮ್ಮೊಳಗೇ ಮದುವೆಯಾಗುವ ಒಂದು ಸಮುದಾಯ. ಬಿಟ್ನರ್ ಅವರ ಇಲಿಯ ತಳಿಗೆ ಮನುಷ್ಯರಲ್ಲಿ ಸಮನಾದದ್ದು.

ಅಂಥ ಸಮುದಾಯ ಮುಂಬಯಿಯ ಪಾರ್ಸಿಗಳದ್ದು. ನಗರದ ಉಳಿದ ಸಮುದಾಯಗಳಿಗಿಂತ ಪಾರ್ಸಿ ಹೆಂಗಸರಲ್ಲಿ ಸ್ತನ ಕ್ಯಾನ್ಸರ್ ಬಹಳ ಹೆಚ್ಚು ಎಂಬುದು ವೈದ್ಯರಿಗೆ ತಿಳಿದಿತ್ತು. 1941ರಲ್ಲಿ ಬಾಗಿಲು ತೆರೆದ ಟಾಟಾ ಸ್ಮಾರಕ ಆಸ್ಪತ್ರೆ ಮತ್ತು 1963ರಲ್ಲಿ ಡಿ.ಜೆ. ಜಸ್ಸಾವಾಲಾ ಅವರ ಮುಂದಾಳ್ತನದಲ್ಲಿ ಆರಂಭವಾದ ಮುಂಬಯಿ ಕ್ಯಾನ್ಸರ್ ನೋಂದಣಿ ಇದಕ್ಕೆ ಲೆಕ್ಕ ಒದಗಿಸಿದವು. ನ್ಯೂಜೆರ್ಸಿಯ ಕ್ಯಾಮ್ಡೆನ್‌ನ ಡಾನ್ ಮೂರ್ ಮತ್ತು ಅವರ ಸಂಗಡಿಗರು ಪಾರ್ಸಿ ಬಾಣಂತಿಯರ ಹಾಲನ್ನು ಪರೀಕ್ಷೆಗೆ ತರಿಸಿಕೊಂಡರು. ಮುಂಬಯಿಯಲ್ಲಿ ಎಂ.ಆರ್. ದಾಸ್, ಪರೇಲ್‌ನ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯವರೂ ಭಾರತದ ಎಲೆಕ್ಟ್ರಾನ್ ಸೂಕ್ಷ್ಮದರ್ಶನದ ಹಿರಿಯರಲ್ಲಿ ಒಬ್ಬರೂ ಆದ ಸತ್ಯವತಿ ಸಿರ್ಸಾಟ್ ಮೊದಲಾದವರು ಕೈಜೋಡಿಸಿದರು. 1971ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ವರದಿಯ ಪ್ರಕಾರ, ಇಲಿಯ ವೈರಸ್ಸನ್ನು ಹೋಲುವ ಕಣಗಳು ಮನೆತನದಲ್ಲಿ ಸ್ತನ ಕ್ಯಾನ್ಸರ್ ಇದ್ದ ಅಮೆರಿಕದ ಹೆಂಗಸರಲ್ಲಿ ನೂರಕ್ಕೆ 60 ಜನರ ಹಾಲಿನಲ್ಲಿದ್ದವು, ಇಲ್ಲದವರಲ್ಲಿ 5 ಜನರ ಹಾಲಿನಲ್ಲಿ ಮಾತ್ರ. ಪಾರ್ಸಿ ಬಾಣಂತಿಯರಲ್ಲಿ ಆ ಅಂಕಿ 39. ಮರುವರ್ಷ ಅದೇ ಹಾಲಿನಲ್ಲಿ ಆರ್‌ಎನ್‌ಎಯಿಂದ ಡಿಎನ್‌ಎ ಕಟ್ಟುವ ಕಿಣ್ವದ ಸುಳಿವೂ ಸಿಕ್ಕಿತೆಂದು ದಾಸ್ ಮತ್ತು ಸಂಗಡಿಗರು ಬರೆದರು. ಟೆಮಿನ್ ಮತ್ತು ಬಾಲ್ಟಿಮೋರ್ ಅಂಥ ಕಿಣ್ವವನ್ನು ವೈರಸ್‌ಗಳಲ್ಲಿ ಕಂಡು ಆಗಿನ್ನೂ ಎರಡೇ ವರ್ಷ. ಮನೆತನದಲ್ಲಿ ರೋಗವಿರುವ ತಾಯಿ ಮಗುವಿಗೆ ಹಾಲೂಡಬೇಕೆ ಎಂಬ ಚರ್ಚೆಯೇ ಎದ್ದಿತು. ಅನುಮಾನ ಪ್ರಯೋಗಾಲಯ ಬಿಟ್ಟು ತೊಟ್ಟಿಲ ಹತ್ತಿರ ಬಂದಿತ್ತು.

ಆಮೇಲೆ ಆದದ್ದು ನಿಧಾನದ ಕುಸಿತ. ಮನುಷ್ಯರ ಹಾಲಿನಲ್ಲಿ ಕೊಬ್ಬಿನ ಹನಿಗಳು, ಒಡೆದ ಜೀವಕೋಶಗಳ ಪೊರೆಯ ಚೂರುಗಳು ತುಂಬಿರುತ್ತವೆ. ಚಿತ್ರದಲ್ಲಿ ಅವುಗಳಲ್ಲಿ ಕೆಲವು ವೈರಸ್ಸಿನಂತೆಯೇ ಕಾಣುತ್ತವೆ. ಬೇರೆಯವರು ಹೆಚ್ಚು ಮಾದರಿಗಳನ್ನು, ಯಾರ ಹಾಲು ಯಾವುದೆಂದು ತಿಳಿಯದಂತೆ ಪರೀಕ್ಷಿಸಿದಾಗ ಕಣಕ್ಕೂ ಕಾಯಿಲೆಗೂ ನಂಟು ಉಳಿಯಲಿಲ್ಲ. ಮನುಷ್ಯರ ಹಾಲು ವೈರಸ್ ಕಣಗಳನ್ನು ಬೇಗ ಹಾಳುಮಾಡುತ್ತದೆ, ಅದಕ್ಕೇ ಸಿಗುತ್ತಿಲ್ಲ ಎಂದು ಕೆಲವರು ವಾದಿಸಿದರು. ವಾದ ಸುಳ್ಳಲ್ಲ, ಆದರೆ ಸಿಗದಿರುವುದನ್ನೇ ಸಾಕ್ಷಿಯಾಗಿ ಒಪ್ಪಿಕೊಳ್ಳುವಂತಿಲ್ಲ. ನಮ್ಮ ಡಿಎನ್‌ಎಯಲ್ಲೇ ನೂರಕ್ಕೆ ಸುಮಾರು 8 ಪಾಲು ಲಕ್ಷಾಂತರ ವರ್ಷಗಳ ಹಿಂದೆ ಸೇರಿಕೊಂಡ ಹಳೆಯ ವೈರಸ್‌ಗಳ ಅವಶೇಷ ಎಂಬುದೂ ಮುಂದೆ ತಿಳಿಯಿತು. ಹಾಲಿನಲ್ಲಿ ವೈರಸ್ಸಿನ ವಾಸನೆ ಬಂದರೆ ಅದು ಹೊರಗಿನಿಂದ ಬಂದ ಕಳ್ಳನದೇ ಆಗಬೇಕಿಲ್ಲ. ಎಲ್ಲಕ್ಕಿಂತ ತೂಕದ ಸಾಕ್ಷ್ಯ ಸೂಕ್ಷ್ಮದರ್ಶಕದ ಹೊರಗಿನದು: ಶೈಶವದಲ್ಲಿ ತಾಯಿಯ ಹಾಲು ಕುಡಿದು ಬೆಳೆದ ಹೆಂಗಸರಲ್ಲಿ, ಬಾಟಲಿಯ ಹಾಲಿನಲ್ಲಿ ಬೆಳೆದವರಿಗಿಂತ ಹೆಚ್ಚು ಸ್ತನ ಕ್ಯಾನ್ಸರ್ ಕಾಣಲಿಲ್ಲ. ಬಿಟ್ನರ್ ಅವರ ಇಲಿಯ ನಿಯಮ ಮನುಷ್ಯರಿಗೂ ಅನ್ವಯಿಸುವುದಾಗಿದ್ದರೆ ಮೊದಲು ಕಾಣಬೇಕಾಗಿದ್ದದ್ದೇ ಆ ವ್ಯತ್ಯಾಸ.

ಹಾಗಾದರೆ ಪಾರ್ಸಿ ಹೆಂಗಸರಲ್ಲಿ ರೋಗ ಹೆಚ್ಚಲು ಕಾರಣ? ಇದಕ್ಕೆ ದಾರಿ ತೋರುವ ದಫ್ತರ ಇಟಲಿಯ ವೆರೋನಾದ್ದು. 1842ರಲ್ಲಿ ರಿಗೋನಿ ಸ್ಟೆರ್ನ್ ಎಂಬ ವೈದ್ಯರು ಆ ಊರಿನ 1760ರಿಂದ 1839ರವರೆಗಿನ ಸಾವಿನ ಲೆಕ್ಕ ತೆಗೆದು ಕೂತರು. ಸನ್ಯಾಸಿನಿಯರಲ್ಲಿ ಗರ್ಭಕೋಶದ ಕ್ಯಾನ್ಸರ್ ವಿರಳ, ಸ್ತನದ ಕ್ಯಾನ್ಸರ್ ಹೆಚ್ಚು. ಸಂಸಾರಸ್ಥರಲ್ಲಿ ಗರ್ಭಕೋಶದ್ದು ಹೆಚ್ಚು. ಅದಕ್ಕೂ ಮೊದಲೇ ರಾಮಾಜ್ಜಿನಿ ಎಂಬ ವೈದ್ಯ ಸನ್ಯಾಸಿನಿಯರ ಸ್ತನದ ಗಡ್ಡೆಯ ಬಗ್ಗೆ ಬರೆದಿದ್ದ. 1926ರಲ್ಲಿ ಇಂಗ್ಲೆಂಡಿನ ಜಾನೆಟ್ ಲೇನ್ ಕ್ಲೇಪನ್ ರೋಗವಿದ್ದ ಸುಮಾರು 500 ಹೆಂಗಸರನ್ನು ರೋಗವಿಲ್ಲದ ಅಷ್ಟೇ ಹೆಂಗಸರೊಂದಿಗೆ ಹೋಲಿಸಿ, ತಡವಾದ ಮದುವೆ ಮತ್ತು ಕಡಿಮೆ ಮಕ್ಕಳು ರೋಗದೊಂದಿಗೆ ಹೆಣೆದುಕೊಂಡಿರುವುದನ್ನು ತೋರಿಸಿದರು. 1970ರಲ್ಲಿ ಬ್ರಯನ್ ಮೆಕ್‌ಮಹೊನ್ ನೇತೃತ್ವದ ತಂಡ ಬೋಸ್ಟನ್‌ನಿಂದ ಟೋಕಿಯೋವರೆಗೆ ಏಳು ಕಡೆಯ ಹೆಂಗಸರನ್ನು ಅಧ್ಯಯನ ಮಾಡಿ, ಹದಿನೆಂಟರೊಳಗೆ ಮೊದಲ ಹೆರಿಗೆಯಾದವರಲ್ಲಿ ರೋಗದ ಸಂಭವ ಮೂವತ್ತೈದರ ನಂತರ ಹೆತ್ತವರದರ ಸುಮಾರು ಮೂರನೆಯ ಒಂದು ಪಾಲು ಎಂದಿತು. 2002ರಲ್ಲಿ 30 ದೇಶಗಳ 47 ಅಧ್ಯಯನಗಳನ್ನು, ರೋಗವಿದ್ದ 50,302 ಹೆಂಗಸರ ವಿವರವನ್ನು ಒಟ್ಟುಗೂಡಿಸಿದಾಗ ಲೆಕ್ಕ ಇನ್ನೂ ನಿಖರವಾಯಿತು: ಪ್ರತಿ ಹೆರಿಗೆಗೆ ಸಂಭವ ಶೇ 7ರಷ್ಟು, ಅದರ ಮೇಲೆ ಹಾಲೂಡಿದ ಪ್ರತಿ ಹನ್ನೆರಡು ತಿಂಗಳಿಗೆ ಶೇ 4.3ರಷ್ಟು ಇಳಿಯುತ್ತದೆ. ಮುಂಬಯಿಯ ಪಾರ್ಸಿಗಳಲ್ಲಿ ಹೆಣ್ಣುಮಕ್ಕಳು ಓದಿದವರು, ತಡವಾಗಿ ಮದುವೆಯಾಗುವವರು, ಮದುವೆಯೇ ಆಗದವರೂ ಸಾಕಷ್ಟು, ಮಕ್ಕಳು ಕಡಿಮೆ. ಒಳಮದುವೆಯ ಸಣ್ಣ ಸಮುದಾಯವಾದ್ದರಿಂದ ವಂಶವಾಹಿಯ ಪಾತ್ರಕ್ಕೂ ಜಾಗವಿದೆ. ಅಪರಾಧಿಯೆಂದು ಕಟಕಟೆಯಲ್ಲಿ ನಿಲ್ಲಿಸಿದ್ದ ಹಾಲು, ಲೆಕ್ಕ ಮುಗಿದಾಗ ಕಾವಲುಗಾರನ ಸಾಲಿನಲ್ಲಿತ್ತು.

ವೆರೋನಾದ ದಫ್ತರದಲ್ಲಿ ಕಂಡ ತಿರುಗುಮುರುಗು ನಮ್ಮ ರಾಜ್ಯದಲ್ಲೂ ಕಂಡಿತು. ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾಯಿತು. 1982ರಿಂದ ನಗರವಾಸಿಗಳ ಕ್ಯಾನ್ಸರ್ ನೋಂದಣಿ ಅಲ್ಲಿ ನಡೆಯುತ್ತಿದೆ. ಮೊದಲ ವರ್ಷಗಳಲ್ಲಿ ಹೆಂಗಸರ ಕ್ಯಾನ್ಸರ್‌ಗಳಲ್ಲಿ ಗರ್ಭಕೊರಳಿನದು ಮೊದಲ ಸ್ಥಾನದಲ್ಲಿತ್ತು. ಅದು ವರ್ಷ ವರ್ಷಕ್ಕೆ ಇಳಿಯಿತು, ಸ್ತನದ್ದು ಏರಿತು, ಹೊಸ ಶತಮಾನದ ಹೊತ್ತಿಗೆ ಸ್ಥಾನಗಳು ಅದಲುಬದಲಾದವು. ಒಂದೇ ಊರು, ಒಂದೇ ಜನ, ಎರಡು ಕ್ಯಾನ್ಸರ್, ಎರಡು ವಿರುದ್ಧ ದಿಕ್ಕು. ಬೆಂಗಳೂರಿನ ಲೆಕ್ಕವನ್ನು ದಾವಣಗೆರೆಗೆ ಹಚ್ಚಬಹುದೆ ಎಂದು ಕೇಳುವುದು ಸರಿ. ಹರಿಹರದಿಂದ ಕಿದ್ವಾಯಿಗೆ ಹೋದ ರೋಗಿ ಬೆಂಗಳೂರು ನಗರದ ದರದಲ್ಲಿ ಸೇರುವುದಿಲ್ಲ. ಆದರೆ ರೇಖೆಗಳನ್ನು ತಿರುಗಿಸಿದ ಬದುಕಿನ ಬದಲಾವಣೆ ಬೆಂಗಳೂರಿನ ಸ್ವತ್ತಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಒಬ್ಬ ಹೆಂಗಸಿಗೆ ಸರಾಸರಿ ಮಕ್ಕಳು 1992-93ರಲ್ಲಿ ಸುಮಾರು 2.9 ಇದ್ದದ್ದು 2019-21ಕ್ಕೆ 1.7 ಆಗಿದೆ. ಹತ್ತಿ ಗಿರಣಿಗಳ ದಾವಣಗೆರೆ, 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಬಂದ ಹರಿಹರ ಈ ಬದಲಾವಣೆಯ ಹೊರಗಿಲ್ಲ. ಗಿರಣಿಗಳು ಮುಚ್ಚಿದ ಊರಲ್ಲಿ ಕಾಲೇಜುಗಳು ಎದ್ದಿವೆ. 1965ರಲ್ಲಿ ಶುರುವಾದ ಜೆ.ಜೆ.ಎಂ. ವೈದ್ಯಕೀಯ ಕಾಲೇಜಿನಿಂದ ಹಿಡಿದು ಎಂಜಿನಿಯರಿಂಗ್ ಕಾಲೇಜುಗಳವರೆಗೆ ತರಗತಿಗಳಲ್ಲಿ ಹೆಣ್ಣುಮಕ್ಕಳು ತುಂಬಿದ್ದಾರೆ. ಅಜ್ಜಿಗೆ ಹದಿನಾರಕ್ಕೆ ಮದುವೆ, ಏಳೆಂಟು ಹೆರಿಗೆ. ಮೊಮ್ಮಗಳಿಗೆ ಇಪ್ಪತ್ತೆಂಟಕ್ಕೆ ಮೊದಲ ಮಗು. ರೋಗದ ನಕ್ಷೆ ಬದಲಾಗಲು ಇಷ್ಟು ಸಾಕು.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ಗರ್ಭಕೊರಳಿನ ಕ್ಯಾನ್ಸರ್ ಪ್ಯಾಪಿಲೋಮಾ ವೈರಸ್ಸಿನಿಂದ ಬರುತ್ತದೆ ಎಂದಾಗಲೂ ಮೊದಲು ಬಹುತೇಕರು ನಂಬಿರಲಿಲ್ಲವಲ್ಲ? ನಿಜ. 1970ರ ದಶಕದಲ್ಲಿ ಬಹುತೇಕರು ಹರ್ಪಿಸ್ ವೈರಸ್ಸಿನ ಹಿಂದೆ ಬಿದ್ದಿದ್ದಾಗ ಜರ್ಮನಿಯ ಹರಾಲ್ಡ್ ಸುರ್ ಹೌಸೆನ್ ಪ್ಯಾಪಿಲೋಮಾ ವೈರಸ್ಸನ್ನು ಹಿಡಿದು ಹೊರಟರು; 1983ರಲ್ಲಿ ಅದರ 16ನೆಯ ಬಗೆಯನ್ನು ಗಡ್ಡೆಯಲ್ಲಿ ಕಂಡರು, 2008ರಲ್ಲಿ ನೊಬೆಲ್ ಪಡೆದರು. ಆದರೆ ಆ ವೈರಸ್ ಗೆದ್ದ ಬಗೆಯನ್ನು ಗಮನಿಸಬೇಕು. ಗಡ್ಡೆಗಳಲ್ಲಿ ಅದು ಹೆಚ್ಚುಕಡಿಮೆ ಎಲ್ಲದರಲ್ಲೂ ಸಿಕ್ಕಿತು. ಜೀವಕೋಶದ ಲಗಾಮನ್ನು ಅದರ ಯಾವ ಪ್ರೋಟೀನು ಕಳಚುತ್ತದೆ ಎಂಬುದು ತಿಳಿಯಿತು. ಮೊದಲು ಸೋಂಕು, ವರ್ಷಗಳ ನಂತರ ಗಡ್ಡೆ ಎಂಬ ಕ್ರಮ ಸಾಬೀತಾಯಿತು. ಕೊನೆಗೆ ಲಸಿಕೆ ಹಾಕಿಸಿಕೊಂಡವರಲ್ಲಿ ರೋಗ ಇಳಿಯಿತು. ಜನರ ನಡುವೆ ಅದು ಹಂಚಿಕೊಂಡಿದ್ದ ರೀತಿಯೂ ವೆರೋನಾದ ಕಾಲದಿಂದ ಅದೇ ಕಥೆಯನ್ನು ಹೇಳುತ್ತಿತ್ತು. ಸ್ತನ ಕ್ಯಾನ್ಸರಿನ ಯಾವ ವೈರಸ್ಸೂ ಈ ಮೆಟ್ಟಿಲುಗಳಲ್ಲಿ ಮೊದಲನೆಯದನ್ನೂ ಗಟ್ಟಿಯಾಗಿ ಹತ್ತಿಲ್ಲ. ಒಂದು ಅನುಮಾನ ನಿಜವಾಯಿತು ಎಂಬ ಕಾರಣಕ್ಕೆ ಇನ್ನೊಂದು ಅನುಮಾನಕ್ಕೆ ಪುರಾವೆ ಸಿಕ್ಕಂತಾಗುವುದಿಲ್ಲ.

ಎರಡನೆಯ ಆಕ್ಷೇಪ ಹೊಸ ತಂತ್ರಜ್ಞಾನದ್ದು. ಒಂದು ಚೂರು ಡಿಎನ್‌ಎಯನ್ನು ಕೋಟಿಪಟ್ಟು ಹೆಚ್ಚಿಸಿ ನೋಡುವ ಪಿಸಿಆರ್ ಬಂದ ಮೇಲೆ ವೈರಸ್‌ಗಳು ಮತ್ತೆ ಮತ್ತೆ ಸಿಕ್ಕಿವೆಯಲ್ಲ? 1995ರಲ್ಲಿ ನ್ಯೂಯಾರ್ಕಿನ ಬಿಯಾಟ್ರಿಸ್ ಪೋಗೊ ತಂಡ 314 ಸ್ತನಗಡ್ಡೆಗಳಲ್ಲಿ ಶೇ 38.5ರಲ್ಲಿ ಇಲಿಯ ವೈರಸ್ಸನ್ನು ಹೋಲುವ ತುಣುಕನ್ನು ಕಂಡಿತು. ಆರೋಗ್ಯವಂತ ಅಂಗಾಂಶದಲ್ಲಿ ಅದು ಶೇ 1.8 ಮಾತ್ರ. 2009ರಲ್ಲಿ ವರ್ಧಾ ಬಳಿಯ ಸೇವಾಗ್ರಾಮದ ವೈದ್ಯರು 51 ಗ್ರಾಮೀಣ ರೋಗಿಗಳಲ್ಲಿ 28 ಜನರ ಗಡ್ಡೆಯಲ್ಲಿ ಎಪ್‌ಸ್ಟೈನ್-ಬಾರ್ ವೈರಸ್ಸಿನ ಗುರುತು ಕಂಡರು. 2015ರಲ್ಲಿ ಕ್ಯಾಲಿಫೋರ್ನಿಯಾದ ಗರ್ಟ್ರೂಡ್ ಬ್ಯೂರಿಂಗ್ ದನಗಳ ರಕ್ತಕ್ಯಾನ್ಸರಿನ ವೈರಸ್ ರೋಗಿಗಳಲ್ಲಿ ಶೇ 59, ರೋಗವಿಲ್ಲದವರಲ್ಲಿ ಶೇ 29 ಎಂದರು. ಇವು ಪ್ರಾಮಾಣಿಕ ಕೆಲಸಗಳೇ. ಆದರೆ ಪಿಸಿಆರ್‌ಗೆ ಪ್ರಯೋಗಾಲಯದ ಗಾಳಿಯಲ್ಲಿರುವ ಇಲಿಯ ಡಿಎನ್‌ಎಯ ಧೂಳೂ ಸಾಕು. ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ 2006ರಲ್ಲಿ ಸಿಕ್ಕ ಎಕ್ಸ್‌ಎಂಆರ್‌ವಿ ಎಂಬ ವೈರಸ್ ಕೊನೆಗೆ ಪ್ರಯೋಗಾಲಯದಲ್ಲೇ ಹುಟ್ಟಿಕೊಂಡದ್ದೆಂದು ಬಯಲಾಗಿ, ಅದನ್ನು ದಣಿವಿನ ಕಾಯಿಲೆಗೆ ಜೋಡಿಸಿದ್ದ ಲೇಖನವನ್ನು ಸೈನ್ಸ್ ಪತ್ರಿಕೆ 2011ರಲ್ಲಿ ಹಿಂತೆಗೆದುಕೊಂಡಿತು. ಎಪ್‌ಸ್ಟೈನ್-ಬಾರ್ ವೈರಸ್ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ವಯಸ್ಕರಲ್ಲಿದೆ, ಅದು ಬೀಡುಬಿಡುವುದು ಬಿಳಿ ರಕ್ತಕಣದಲ್ಲಿ. ಗಡ್ಡೆಗೆ ನುಗ್ಗಿದ ಬಿಳಿಕಣದೊಂದಿಗೆ ಅದೂ ಅಲ್ಲಿಗೆ ಬಂದಿರಬಹುದು. ದನದ ವೈರಸ್ಸಂತೂ ಹಾಲು ಕಾಯಿಸಿದರೆ ಉಳಿಯುವುದಿಲ್ಲ. ಕಾಯಿಸದೆ ಹಾಲು ಕುಡಿಯುವ ರೂಢಿ ನಮ್ಮಲ್ಲಿ ಅಪರೂಪ. ಗಡ್ಡೆಯ ಆರ್‌ಎನ್‌ಎಯನ್ನು ಪೂರ್ತಿ ಓದುವ ವಿಧಾನ ಬಂದ ಮೇಲೆ ಪರೀಕ್ಷೆ ಇನ್ನೂ ಕಟ್ಟುನಿಟ್ಟಾಯಿತು. 2013ರಲ್ಲಿ ಸ್ವೀಡನ್ನಿನ ತಂಡವೊಂದು 19 ಬಗೆಯ 4,433 ಗಡ್ಡೆಗಳನ್ನು ಜಾಲಾಡಿತು. ಗರ್ಭಕೊರಳಿನಲ್ಲಿ, ಯಕೃತ್ತಿನಲ್ಲಿ ವೈರಸ್‌ಗಳು ಎದ್ದು ಕಂಡವು. ಸ್ತನದಲ್ಲಿ ಅಂಥದ್ದೇನೂ ಕಾಣಲಿಲ್ಲ.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಚತುರವಾದದ್ದು. ವೈರಸ್ ಕೆಡಿಸುವಷ್ಟು ಕೆಡಿಸಿ ಹೊರಟುಹೋಗಿದ್ದರೆ ಗಡ್ಡೆಯಲ್ಲಿ ಎಲ್ಲಿ ಸಿಗಬೇಕು? ಅಥವಾ 2001ರಲ್ಲಿ ಯುತಾಕಾ ಯಾಸುಯಿ ಮತ್ತು ಸಂಗಡಿಗರು ಮುಂದಿಟ್ಟಂತೆ, ಎಪ್‌ಸ್ಟೈನ್-ಬಾರ್ ಸೋಂಕು ಎಳವೆಯಲ್ಲಿ ತಗಲದೆ ಪ್ರಾಯದಲ್ಲಿ ತಗಲುವುದೇ ಅಪಾಯವಾದರೆ? ಹಾಗಿದ್ದಲ್ಲಿ ಸಣ್ಣ ಸಂಸಾರದ, ಅನುಕೂಲವಂತ ಮನೆಗಳಲ್ಲಿ ರೋಗ ಹೆಚ್ಚುವುದಕ್ಕೆ ವೈರಸ್ಸೇ ಕಾರಣ ಎನ್ನಬಹುದು. ಕುರುಹು ಬಿಡದ ಕಳ್ಳನನ್ನು ಕುರುಹಿನಿಂದ ಖುಲಾಸೆ ಮಾಡಲು ಬರುವುದಿಲ್ಲ, ಒಪ್ಪಬೇಕು. ಆದರೆ ಇನ್ನೊಂದು ಪರೀಕ್ಷೆ ಇದೆ. ರೋಗನಿರೋಧಕ ಶಕ್ತಿ ಕುಂದಿದಾಗ ವೈರಸ್ ಹಿಂದಿರುವ ಕ್ಯಾನ್ಸರ್‌ಗಳು ತಲೆ ಎತ್ತುತ್ತವೆ. 2007ರಲ್ಲಿ ಆಂಡ್ರ್ಯೂ ಗ್ರುಲಿಚ್ ಮತ್ತು ಸಂಗಡಿಗರು ಎಚ್‌ಐವಿ ಇದ್ದ ಸುಮಾರು 4,44,000 ಜನರ, ಅಂಗಾಂಗ ಕಸಿಯಾದ ಸುಮಾರು 32,000 ಜನರ ಲೆಕ್ಕ ನೋಡಿದರು. ಗರ್ಭಕೊರಳಿನ ಕ್ಯಾನ್ಸರ್, ಕಪೋಸಿ ಸಾರ್ಕೋಮಾ, ಲಿಂಫೋಮಾಗಳು ಎರಡೂ ಗುಂಪಿನಲ್ಲಿ ಏರಿದ್ದವು. ಸ್ತನ ಕ್ಯಾನ್ಸರ್ ಏರಿರಲಿಲ್ಲ. ಯಾಸುಯಿ ಊಹೆಗೆ ಇನ್ನೊಂದು ತೊಡಕೂ ಇದೆ. ಪ್ರತಿ ಹೆರಿಗೆಗೆ ಇಷ್ಟು, ಹಾಲೂಡಿದ ಪ್ರತಿ ವರ್ಷಕ್ಕೆ ಇಷ್ಟು ಎಂದು ಮೆಟ್ಟಿಲು ಮೆಟ್ಟಿಲಾಗಿ ಅಪಾಯ ಇಳಿಯುವುದನ್ನು ಹರೆಯದಲ್ಲಿ ಒಮ್ಮೆ ತಗಲಿದ ಸೋಂಕು ವಿವರಿಸಲಾರದು. ಪೂರ್ಣಾವಧಿಯ ಬಸಿರು ಮತ್ತು ಹಾಲೂಡಿಕೆಯಲ್ಲಿ ಸ್ತನದ ಜೀವಕೋಶಗಳು ಪಕ್ವವಾಗುತ್ತವೆ, ತಿಂಗಳ ಹಾರ್ಮೋನಿನ ಏರಿಳಿತ ತಗ್ಗುತ್ತದೆ ಎಂಬ ವಿವರಣೆ ಈ ಲೆಕ್ಕಕ್ಕೆ ಹೊಂದುತ್ತದೆ.

ಕೊನೆಯ ಆಕ್ಷೇಪ ವಿಜ್ಞಾನದ್ದಲ್ಲ, ನ್ಯಾಯದ್ದು. ವೈರಸ್ಸನ್ನು ಬಿಟ್ಟು ಹೆಂಗಸಿನ ಬದುಕಿನ ಕಡೆ ಬೆರಳು ತೋರಿಸಿದರೆ, ಓದಿದ್ದಕ್ಕೆ, ತಡವಾಗಿ ಮದುವೆಯಾದದ್ದಕ್ಕೆ ಅವಳನ್ನೇ ದೂರಿದಂತಲ್ಲವೆ? ಹಾಗೆ ಓದುವವರು ದಫ್ತರದ ಅರ್ಧ ಪುಟವನ್ನು ಮಾತ್ರ ಓದುತ್ತಾರೆ. ಎಳೆಯ ವಯಸ್ಸಿನ ಮದುವೆ ಮತ್ತು ಮೇಲಿಂದ ಮೇಲೆ ಹೆರಿಗೆ ಗರ್ಭಕೊರಳಿನ ಕ್ಯಾನ್ಸರನ್ನು ಹೆಚ್ಚಿಸುತ್ತವೆ, ಬಾಣಂತಿ ಸಾವನ್ನು ಹೆಚ್ಚಿಸುತ್ತವೆ. ವೆರೋನಾದ ಗೃಹಿಣಿಯರಲ್ಲಿ ಹೆಚ್ಚಾಗಿ ಕಂಡದ್ದು ಗರ್ಭಕೋಶದ ಕ್ಯಾನ್ಸರೇ. ಒಂದು ಸಮುದಾಯದಲ್ಲಿ ರೋಗದ ದರ ಏಕೆ ಏರಿತು ಎಂಬ ಪ್ರಶ್ನೆಗೆ ಹೆರಿಗೆಯ ಲೆಕ್ಕ ಉತ್ತರ ಕೊಡುತ್ತದೆ. ನನಗೇ ಏಕೆ ಬಂತು ಎಂದು ಒಬ್ಬ ಹೆಂಗಸು ಕೇಳಿದರೆ ಕೊಡುವುದಿಲ್ಲ. ಐದು ಮಕ್ಕಳಿಗೆ ಹಾಲೂಡಿದವರಿಗೂ ಈ ಕಾಯಿಲೆ ಬರುತ್ತದೆ.

ಹಾಗಾಗಿ ದಾವಣಗೆರೆ, ಹರಿಹರಗಳ ಮನೆಗಳಿಗೆ ಈ ಚರಿತ್ರೆಯಿಂದ ಇಳಿಯುವ ತೀರ್ಮಾನ ನೇರವಾಗಿದೆ. ಎರಡು ಕ್ಯಾನ್ಸರ್‌ಗಳನ್ನು ಒಂದೇ ಭಯದಿಂದ ನೋಡಬಾರದು. ಗರ್ಭಕೊರಳಿನದು ಸೋಂಕಿನದು, ಅದಕ್ಕೆ ಲಸಿಕೆ ಇದೆ. ಪುಣೆಯ ಸೀರಂ ಸಂಸ್ಥೆ ತಯಾರಿಸಿದ ದೇಶೀ ಲಸಿಕೆಗೆ 2022ರಲ್ಲಿ ಅನುಮತಿ ಸಿಕ್ಕಿದೆ. ಸ್ತನದ್ದಕ್ಕೆ ಲಸಿಕೆಯಿಲ್ಲ, ಆದರೆ ಅದು ಮುಟ್ಟಿದರೆ, ಜೊತೆಗೆ ಉಂಡರೆ ಬರುವುದಿಲ್ಲ. ಅಮ್ಮನಿಗೆ ಇತ್ತೆಂಬ ಕಾರಣಕ್ಕೆ ಬಾಣಂತಿ ಹಾಲೂಡುವುದನ್ನು ನಿಲ್ಲಿಸಬೇಕಿಲ್ಲ. ಮನೆತನದಲ್ಲಿ ರೋಗವಿದ್ದರೆ ನೋಡಬೇಕಾದದ್ದು 1990ರ ದಶಕದಲ್ಲಿ ಪತ್ತೆಯಾದ ಬಿಆರ್‌ಸಿಎ ವಂಶವಾಹಿಗಳನ್ನು. ಅವು ತಂದೆಯ ಕಡೆಯಿಂದಲೂ ಇಳಿಯುತ್ತವೆ. ಟಾಟಾ ಸ್ಮಾರಕ ಆಸ್ಪತ್ರೆ ಮುಂಬಯಿಯ ಕೊಳೆಗೇರಿಗಳ 1,51,538 ಹೆಂಗಸರಲ್ಲಿ ಎರಡು ದಶಕ ನಡೆಸಿದ ಪ್ರಯೋಗದ ಫಲಿತಾಂಶ 2021ರಲ್ಲಿ ಬಂತು. ತರಬೇತಾದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಮುಟ್ಟಿ ಗಂಟು ನೋಡಿದ್ದರಿಂದ ಐವತ್ತು ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಸಾವು ಶೇ 30ರಷ್ಟು ಇಳಿದಿತ್ತು. ಅದಕ್ಕೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬೇಕಾಗಲಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಾಡಬಹುದಾದ ಕೆಲಸ ಅದು. ವೈರಸ್ಸಿನ ಮೊಕದ್ದಮೆಯನ್ನು ಸಂಶೋಧಕರು ತೆರೆದಿಡಲಿ. ಗಡ್ಡೆಗೆ ಮೊದಲೇ ಸೋಂಕಿತ್ತೆಂದು, ಸೋಂಕು ತಡೆದರೆ ರೋಗ ಇಳಿಯುತ್ತದೆಂದು ಯಾರಾದರೂ ತೋರಿಸಿದ ದಿನ ತೀರ್ಪು ಬದಲಾಗಬೇಕು, ಬದಲಾಗುತ್ತದೆ. ಅಲ್ಲಿಯವರೆಗೆ ಅಂಟೀತೆಂಬ ಅಂಜಿಕೆಯಲ್ಲಿ ಗಂಟನ್ನು ಬಚ್ಚಿಟ್ಟುಕೊಂಡು ಆಸ್ಪತ್ರೆಗೆ ತಡವಾಗಿ ಬರುವ ಪ್ರತಿ ಹೆಂಗಸೂ, ಸಾಬೀತಾಗದ ಒಂದು ಆರೋಪಕ್ಕೆ ತನ್ನ ಆಯುಷ್ಯವನ್ನು ದಂಡ ತೆರುತ್ತಾಳೆ.